ಹಾಡಿನೊಳಗಿನ ವಾದ ಬಿಡಿಸಲು ಜೀನಿಯಸ್ ಎಷ್ಟು ಕೆಲಸಕ್ಕೆ ಬರುತ್ತದೆ?

ರ‍್ಯಾಪ್ ಹಾಡುಗಳನ್ನು ಬಿಡಿಸಿ ಹೇಳಲೆಂದು 2009ರಲ್ಲಿ ಶುರುವಾಗಿ, 2014ರಲ್ಲಿ ಹೆಸರಿನಿಂದ ‘ರ‍್ಯಾಪ್’ ಕಳಚಿಕೊಂಡ ಜಾಲತಾಣ ಜೀನಿಯಸ್. ದುಡ್ಡು ಕೊಡಬೇಕಿಲ್ಲ, ಜಾಹೀರಾತು ಸಹಿಸಿಕೊಂಡರೆ ಸಾಕು. ಸಾಲಿನ ಅರ್ಥ, ಹಿನ್ನೆಲೆ ತಿಳಿಯಲು ಒಳ್ಳೆಯ ಜಾಗ. ಆದರೆ ಹಾಡು ಕೇಳುಗರನ್ನು ಹೇಗೆ ಒಪ್ಪಿಸುತ್ತದೆ ಎಂದು ನೋಡಹೊರಟರೆ ಮಾತು ಬೇರೆ. ಅದಕ್ಕೆ ಅರಿಸ್ಟಾಟಲ್ ಹೇಳಿದ ಮೂರು ದಾರಿ ಬೇಕು: ಎಥೋಸ್, ಅಂದರೆ ಹೇಳುವವರ ಮೇಲಿನ ನಂಬಿಕೆ, ಪೇಥೋಸ್, ಅಂದರೆ ಭಾವ, ಲೋಗೋಸ್, ಅಂದರೆ ತರ್ಕ.

ಬಳಕೆ ಸುಲಭ. ಲಾಗಿನ್ ಆಗಿ, ಬೇಕಾದ ಸಾಲನ್ನು ಎಳೆದು ಆಯ್ದುಕೊಂಡರೆ ಟಿಪ್ಪಣಿ ಬರೆಯಬಹುದು. ತೊಡಕು ಇರುವುದು ಇಲ್ಲೇ: ಒಂದು ಸಾಲಿಗೆ ಒಂದೇ ಟಿಪ್ಪಣಿ. ಈಗಾಗಲೇ ಟಿಪ್ಪಣಿ ಇದ್ದರೆ ಅದಕ್ಕೆ ತಿದ್ದುಪಡಿ ಸೂಚಿಸಬಹುದೇ ಹೊರತು ಪಕ್ಕದಲ್ಲಿ ಇನ್ನೊಂದು ಕೂರಿಸಲಾಗದು. ಒಂದೇ ಸಾಲು ಎರಡು ದಾರಿಯಲ್ಲಿ ಕೆಲಸ ಮಾಡುವಾಗ ಇದು ಸಾಲುವುದಿಲ್ಲ.

1993ರ ‘ಆಕಸ್ಮಿಕ’ ಚಿತ್ರದ, ಹಂಸಲೇಖ ಬರೆದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಹಾಡನ್ನೇ ತೆಗೆದುಕೊಳ್ಳಿ. ‘ನಾಡು’, ‘ಮಣ್ಣು’ ಕಂಡ ಕೂಡಲೇ ಇಡೀ ಹಾಡಿಗೆ ಪೇಥೋಸ್ ಎಂದು ಚೀಟಿ ಅಂಟಿಸುವವರೇ ಹೆಚ್ಚು. ಅದು ಅವಸರ. ಬದುಕನ್ನು ಜಟಕಾ ಬಂಡಿಗೆ ಹೋಲಿಸುವ ಸಾಲು ಬಂದದ್ದು ಡಿ.ವಿ.ಜಿ.ಯವರ ಕಗ್ಗದಿಂದ; ಬಹುಪಾಲು ಕನ್ನಡಿಗರು ಆಗಲೇ ನಂಬಿರುವ ಹಿರಿಯರ ಮಾತನ್ನು ಹಾಡು ಸಾಲ ತರುತ್ತದೆ. ಇದು ಎಥೋಸ್. ಕಾಶಿ, ಕಾಶ್ಮೀರದ ಎದುರು ಜೋಗ, ಅಜಂತಾ ಎಲ್ಲೋರದ ಎದುರು ಬಾದಾಮಿ ಐಹೊಳೆ ಇಟ್ಟು ‘ತೂಕ ಮಾಡು’ ಎನ್ನುವಲ್ಲಿ ಲೋಗೋಸ್ ಇದೆ. ತಕ್ಕಡಿ ಹಾಡುವವನ ಕೈಯಲ್ಲೇ ಇದೆ ಅನ್ನುವುದು ಬೇರೆ ವಿಷಯ! ಆದರೂ ಕೇಳುಗನಿಗೆ ತೂಗಿದ್ದು ತಾನೇ ಅನಿಸುತ್ತದೆ.

ಕ್ರಿಯಾಪದಗಳನ್ನೂ ಬಿಡಬೇಡಿ. ಪಲ್ಲವಿಯ ‘ಹುಟ್ಟಬೇಕು’, ‘ಮೆಟ್ಟಬೇಕು’ಗಳಿಗೆ ಕರ್ತೃವಿಲ್ಲ, ಎಲ್ಲರಿಗೂ ಅನ್ವಯಿಸುವ ಕಟ್ಟಳೆಯ ದನಿ ಅದು. ಚರಣಕ್ಕೆ ಬಂದರೆ ‘ನೋಡು’, ‘ಮಾಡು’ ಎಂಬ ಏಕವಚನದ ಸಲುಗೆ. ಅಧಿಕಾರದಿಂದ ಆಪ್ತತೆಗೆ ಇಳಿಯುವ ಈ ಜಿಗಿತವನ್ನು ಅರ್ಥವಿವರಣೆ ಹಿಡಿಯುವುದಿಲ್ಲ.

ಇನ್ನು ದನಿ. ಹಾಡಿದವರು ರಾಜ್‌ಕುಮಾರ್, 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದಿದ್ದವರು. ಅದೇ ಸಾಲನ್ನು ಹೊಸ ಗಾಯಕರು ಹಾಡಿದರೆ ಅಕ್ಷರ ಬದಲಾಗದು, ಎಥೋಸ್ ಬದಲಾಗುತ್ತದೆ. ಪುಟದ ಮೇಲೆ ಕಾಣುವುದು ಅಕ್ಷರ ಮಾತ್ರ. ಕಲಾವಿದರೇ ಬರೆದ ಟಿಪ್ಪಣಿಗಳನ್ನು ಜೀನಿಯಸ್ ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಅವರ ಉದ್ದೇಶಕ್ಕೆ ಅದು ಸಾಕ್ಷಿ, ಕೇಳುಗರ ಮೇಲಾದ ಪರಿಣಾಮಕ್ಕಲ್ಲ.

ಕನ್ನಡಕ್ಕೆ ಇನ್ನೊಂದು ಕಾಟ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಸಾಹಿತ್ಯ. ಜೀನಿಯಸ್ ಅಂತಲ್ಲ, ಹಾಡಿನ ಸಾಹಿತ್ಯ ಸಿಗುವ ಎಷ್ಟೋ ಕಡೆ ಇದೇ ಪಾಡು. ಆ ಲಿಪಿಯಲ್ಲಿ ‘ಹಾಲು’, ‘ಹಾಳು’ ಒಂದೇ. ‘ಬಲೆ’, ‘ಬಳೆ’ ಒಂದೇ. ಭಾವವೇ ತಲೆಕೆಳಗಾಗಬಹುದು. ‘ಹುಟ್ಟಿ’, ‘ಮೆಟ್ಟಿ’ಯ ಎರಡನೇ ಅಕ್ಷರದ ‘ಟ್ಟ’ಕಾರ ಪ್ರಾಸ ಅಲ್ಲಿ ‘ತ್ತ’ಕಾರವೂ ಆಗಬಹುದು. ಆ ಒತ್ತೇ ಮಾತಿಗೆ ಗಾದೆಯ ಗಟ್ಟಿತನ ಕೊಡುವುದು. ಹಾಡು ಕೇಳುತ್ತಾ ಕನ್ನಡ ಲಿಪಿಯಲ್ಲಿ ನೀವೇ ಬರೆದುಕೊಳ್ಳಿ, ಕೆಲಸ ಆಗಲೇ ಅರ್ಧ ಮುಗಿಯುತ್ತದೆ.

ಇಂಗ್ಲಿಷ್ ರ‍್ಯಾಪ್‌ಗೆ ಬಳಸುವುದಾದರೆ ಜೀನಿಯಸ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಕನ್ನಡ ಹಾಡಿಗೆ ಎರಡು, ಅದೂ ಉಲ್ಲೇಖ ಹುಡುಕುವ ಮಟ್ಟಿಗೆ. ವಿಶ್ಲೇಷಣೆಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿ. ಸಾಲುಗಳಿಗೆ ಸಂಖ್ಯೆ ಹಾಕಿ, ನಾಲ್ಕು ಕಾಲಂ ಇಡಿ: ಸಾಲು, ಯಾರಿಗೆ ಹೇಳಿದ್ದು, ಯಾವ ದಾರಿ, ಯಾವ ಪದದಿಂದ ಗೊತ್ತಾಯಿತು. ಎರಡು ದಾರಿ ಕಂಡರೆ ಅದೇ ಸಾಲನ್ನು ಎರಡು ಸಲ ಬರೆಯಿರಿ. ನಾಲ್ಕನೆಯ ಕಾಲಂ ಖಾಲಿ ಉಳಿದರೆ ಮೂರನೆಯದನ್ನು ಅಳಿಸಿಬಿಡಿ.