ಅಜ್ಜಿಮನೆಗೆ ಹೊರಟ ಹಸಿರು ಕಾರು: ‘ರೂತ್ ಆ್ಯಂಡ್ ದ ಗ್ರೀನ್ ಬುಕ್’

ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ದೂರದ ಊರಿಗೆ ಹೊರಟವರಿಗೆಲ್ಲ ಗೊತ್ತು, ಒಂದು ತಾಸು ಕಳೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ‘ಅಮ್ಮಾ, ಸುಸ್ಸು’ ಎಂಬ ದನಿ ಬಂದೇ ಬರುತ್ತದೆ. ಪೆಟ್ರೋಲ್ ಬಂಕ್ ಕಂಡಲ್ಲಿ ನಿಲ್ಲಿಸುತ್ತೇವೆ, ಮಗು ಹೋಗಿಬರುತ್ತದೆ, ಪ್ರಯಾಣ ಮುಂದುವರಿಯುತ್ತದೆ. ಬಂಕಿನಲ್ಲಿ ಪೆಟ್ರೋಲ್ ಹಾಕಿ ದುಡ್ಡು ಎಣಿಸಿಕೊಂಡವರು ಶೌಚಾಲಯದ ಬಾಗಿಲು ಮಾತ್ರ ತೆಗೆಯುವುದಿಲ್ಲ ಎಂದರೆ? ‘ರೂತ್ ಆ್ಯಂಡ್ ದ ಗ್ರೀನ್ ಬುಕ್’ ಎಂಬ ಚಿತ್ರಪುಸ್ತಕ ಜನಾಂಗಭೇದದ ಚರಿತ್ರೆಯನ್ನು ಮಕ್ಕಳಿಗೆ ಹೇಳಲು ಆಯ್ದುಕೊಂಡಿರುವುದು ಇಂಥ ಸಂಗತಿಗಳನ್ನೇ. ಮಗು ಕಾಡಿನ ಮರೆಗೆ ಹೋಗಬೇಕಾಗುತ್ತದೆ. ಆರೇಳು ವರ್ಷದ ಓದುಗರಿಗೆ ‘ಹಕ್ಕು’, ‘ಕಾನೂನು’ ಎಂಬ ಮಾತುಗಳು ಅರ್ಥವಾಗದಿರಬಹುದು, ಇದು ಅರ್ಥವಾಗುತ್ತದೆ.

ಕ್ಯಾಲ್ವಿನ್ ಅಲೆಕ್ಸಾಂಡರ್ ರಾಮ್ಸೆ ಅವರು ಗ್ವೆನ್ ಸ್ಟ್ರಾಸ್ ಜೊತೆಗೂಡಿ ಬರೆದು, ಫ್ಲಾಯ್ಡ್ ಕೂಪರ್ ಚಿತ್ರ ಬರೆದ ಈ ಪುಸ್ತಕ 2010ರಲ್ಲಿ ಅಮೆರಿಕದ ಕ್ಯಾರೊಲ್‌ರೋಡಾ ಬುಕ್ಸ್‌ನಿಂದ ಬಂತು. ಕಾಲ 1950ರ ದಶಕದ ಆರಂಭ. ಶಿಕಾಗೋದ ಆಫ್ರಿಕನ್ ಅಮೆರಿಕನ್ ಕುಟುಂಬವೊಂದು ಹೊಸ ಹಸಿರು ಬ್ಯೂಕ್ ಕಾರು ಕೊಂಡಿದೆ. ಅಪ್ಪ, ಅಮ್ಮ, ಮಗಳು ರೂತ್ ಮತ್ತು ಅವಳ ಗೊಂಬೆ ಕರಡಿ ಅಲಬಾಮಾದಲ್ಲಿರುವ ಅಜ್ಜಿಮನೆಗೆ ಹೊರಡುತ್ತಾರೆ. ಕಥೆ ಹೇಳುವವಳು ರೂತ್. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ರಾತ್ರಿ ತಂಗಲು ಹೋಟೆಲಿನಲ್ಲಿ ಕೋಣೆ ಸಿಗುವುದಿಲ್ಲ. ಟೆನೆಸಿಯಲ್ಲಿ ಅಪ್ಪನ ಹಳೆಯ ಗೆಳೆಯನೊಬ್ಬ ‘ಎಸ್ಸೋ ಬಂಕ್ ಹುಡುಕಿ’ ಎಂದು ಕಿವಿಮಾತು ಹೇಳುತ್ತಾನೆ. ಅಂಥ ಒಂದು ಬಂಕಿನಲ್ಲಿ ಅವರಿಗೆ ‘ಗ್ರೀನ್ ಬುಕ್’ ಸಿಗುತ್ತದೆ. ಕಪ್ಪು ಜನರಿಗೆ ಊಟ, ಹಾಸಿಗೆ, ರಿಪೇರಿ ಎಲ್ಲೆಲ್ಲಿ ಸಿಗುತ್ತದೆ ಎಂದು ಊರೂರಿನ ಪಟ್ಟಿ ಕೊಡುವ ಸಣ್ಣ ಕೈಪಿಡಿ ಅದು. ರೂತ್ ಮತ್ತು ಅವಳ ಮನೆಯವರು ಕಲ್ಪನೆ, ಕೈಪಿಡಿ ನಿಜ.

ಓದಿಸುವ ಮೊದಲು ದೊಡ್ಡವರು ಒಂದಿಷ್ಟು ಹಿನ್ನೆಲೆ ತಿಳಿದಿದ್ದರೆ ಕಥೆ ತುಂಬಿಕೊಳ್ಳುತ್ತದೆ. ಶಿಕಾಗೋದಿಂದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್, ಬೆಂಗಳೂರಿನಿಂದ ಮುಂಬೈಗೆ ಹೋದಷ್ಟು ದೂರ. ಅಮೆರಿಕದ ಅಗಲವಾದ ಅಂತರರಾಜ್ಯ ಹೆದ್ದಾರಿಗಳಿಗೆ ಕಾನೂನಿನ ಬಲ ಬಂದದ್ದು 1956ರಲ್ಲಿ, ಅಂದರೆ ರೂತ್‌ಳ ಪ್ರಯಾಣವಾದ ಮೇಲೆ. ಊರೊಳಗೇ ಹಾದುಹೋಗುವ ರಸ್ತೆಗಳಲ್ಲಿ ಇಷ್ಟು ದೂರವನ್ನು ಒಂದೇ ಹಗಲಿನಲ್ಲಿ ಮುಗಿಸುವುದು ಸುಲಭವಲ್ಲ, ರಾತ್ರಿ ಎಲ್ಲಾದರೂ ತಂಗಲೇಬೇಕು. ರೈಲು, ಬಸ್ಸುಗಳಲ್ಲಿ ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಬೇರೆ ಡಬ್ಬಿಯಲ್ಲಿ, ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದವು. ಆ ಅವಮಾನದಿಂದ ತಪ್ಪಿಸಿಕೊಳ್ಳಲು ಸ್ವಂತ ಕಾರು ಒಂದು ದಾರಿ. ಆದರೆ ಕಾರಿಗೂ ಪೆಟ್ರೋಲ್ ಬೇಕು, ಒಳಗಿದ್ದವರಿಗೆ ಊಟ, ನಿದ್ದೆ ಬೇಕು. ಹಾಗಾಗಿ ಆ ಕಾಲದ ಕಪ್ಪು ಕುಟುಂಬಗಳು ಬುತ್ತಿ, ಹೊದಿಕೆ, ಹೆಚ್ಚುವರಿ ಪೆಟ್ರೋಲ್ ಕ್ಯಾನು, ಮೂತ್ರಕ್ಕೆಂದು ಒಂದು ಡಬ್ಬಿ ಎಲ್ಲವನ್ನೂ ಹೇರಿಕೊಂಡು ಹೊರಡುತ್ತಿದ್ದವು. ಇಷ್ಟನ್ನು ಹೇಳಿದರೆ, ಹೊಸ ಕಾರು ಕೊಂಡ ಸಂಭ್ರಮ ಅಷ್ಟು ಬೇಗ ಯಾಕೆ ಬಾಡಿತು ಎಂದು ಮಗುವಿಗೆ ಹೊಳೆಯುತ್ತದೆ.

ಗ್ರೀನ್ ಬುಕ್‌ನ ಹೆಸರಿಗೂ ಕಾರಿನ ಬಣ್ಣಕ್ಕೂ ಸಂಬಂಧವಿಲ್ಲ. ಮಕ್ಕಳು ಹಾಗೆಂದುಕೊಳ್ಳುವ ಸಾಧ್ಯತೆ ಇದೆ, ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ಅದನ್ನು ಹೊರತಂದವರ ಹೆಸರು ವಿಕ್ಟರ್ ಹ್ಯೂಗೊ ಗ್ರೀನ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಅಂಚೆ ನೌಕರ. 1936ರ ಮೊದಲ ಆವೃತ್ತಿ ನ್ಯೂಯಾರ್ಕ್ ಸುತ್ತಮುತ್ತಲಿಗೆ ಸೀಮಿತವಾಗಿತ್ತು, ಮುಂದಿನ ವರ್ಷಗಳಲ್ಲಿ ದೇಶವಿಡೀ ಹಬ್ಬಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ನಿಂತು 1946ರಲ್ಲಿ ಮತ್ತೆ ಬಂತು. ಓದುಗರು ತಾವು ಕಂಡ ಒಳ್ಳೆಯ ಜಾಗಗಳನ್ನು ಬರೆದು ತಿಳಿಸುತ್ತಿದ್ದರು, ಪಟ್ಟಿ ಬೆಳೆಯುತ್ತಿತ್ತು. ಕಪ್ಪು ಜನರಿಗೂ ಬಂಕಿನ ಮಾಲೀಕತ್ವ ಕೊಡುತ್ತಿದ್ದ ಎಸ್ಸೋ ಕಂಪನಿ ತನ್ನ ಬಂಕುಗಳಲ್ಲಿ ಇದನ್ನು ಹಂಚಿತು. ಆದ್ದರಿಂದ ಕಥೆಯಲ್ಲಿ ಎಸ್ಸೋ ಫಲಕ ಸುಮ್ಮನೆ ಬಂದದ್ದಲ್ಲ. ಕಾರಿನಲ್ಲಿ ಕೂತವರು ದೂರದಿಂದಲೇ ಹುಡುಕುತ್ತಿದ್ದ ಗುರುತು ಅದು. 1960ರಲ್ಲಿ ಗ್ರೀನ್ ತೀರಿಕೊಂಡ ಮೇಲೆ ಹೆಂಡತಿ ಅಲ್ಮಾ ಮುಂದುವರಿಸಿದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ಬಂಕುಗಳಲ್ಲಿನ ಭೇದವನ್ನು ಕಾನೂನುಬಾಹಿರ ಮಾಡಿದ ಮೇಲೆ ಕೈಪಿಡಿ ಕೊನೆಯಾಯಿತು. ಕೊನೆಯ ಆವೃತ್ತಿ 1966-67ರದು.

ಇನ್ನು ಚಿತ್ರಗಳು. ಈ ಪುಸ್ತಕ ಕೊಳ್ಳಲು ಅವೇ ಸಾಕಷ್ಟು ಕಾರಣ. ಫ್ಲಾಯ್ಡ್ ಕೂಪರ್ ಅವರದು ಬಳಿಯುವ ಚಿತ್ರವಲ್ಲ, ಅಳಿಸುವ ಚಿತ್ರ. ಮೊದಲು ಹಲಗೆಯ ಮೇಲೆಲ್ಲ ತೆಳುವಾಗಿ ತೈಲವರ್ಣ ಹರಡುತ್ತಿದ್ದರು. ಅದು ಆರಿದ ಮೇಲೆ ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರಿನಿಂದ ಅಲ್ಲಲ್ಲಿ ಬಣ್ಣ ಎತ್ತಿ ಬೆಳಕನ್ನು ಹೊರತೆಗೆಯುತ್ತಿದ್ದರು. ಕೆನ್ನೆ, ಹಣೆ, ಕಾರಿನ ಬಾನೆಟ್ಟಿನ ಹೊಳಪು ಮೂಡುವುದು ಹೀಗೆ. ಆಮೇಲೆ ಮೇಲಿಂದ ಬಣ್ಣ ಸೇರಿಸುತ್ತಿದ್ದರು. ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಸಣ್ಣ ರವೆ ಚೆಲ್ಲಿದಂತೆ ಕಾಣುತ್ತದೆ, ದೂರ ಹಿಡಿದರೆ ಹಳೆಯ ಫೋಟೋದ ಕಂದು ಹೊಂಬಣ್ಣ. ಈ ತಂತ್ರದಿಂದ ಮುಖಗಳ ಅಂಚು ಗೀಟು ಎಳೆದಂತಿರುವುದಿಲ್ಲ. ಕತ್ತಲಿಂದ ಮೆಲ್ಲಗೆ ಎದ್ದು ಬಂದಂತಿರುತ್ತದೆ. ಕಂದು ಮೈಬಣ್ಣದಲ್ಲಿ ಎಷ್ಟೊಂದು ಬಣ್ಣಗಳಿವೆ ಎಂದು ತೋರಿಸುವ ಪುಸ್ತಕ ನಮ್ಮ ಮಕ್ಕಳ ಕೈಗೂ ಬರಬೇಕು. ಬಣ್ಣದ ಪೆಟ್ಟಿಗೆಯ ಒಂದು ಗುಲಾಬಿ ಕ್ರೆಯಾನ್ ಹಿಡಿದು ‘ಇದು ಸ್ಕಿನ್ ಕಲರ್’ ಎನ್ನುವ ಅಭ್ಯಾಸ ಇಲ್ಲಿ ಇನ್ನೂ ಹೋಗಿಲ್ಲ.

ಓದಿಸುವ ಕ್ರಮದ ಬಗ್ಗೆ ಒಂದಿಷ್ಟು. ಪುಟಕ್ಕೊಂದು ಸಾಲಿನ ಪುಸ್ತಕವಲ್ಲ ಇದು, ಮಾತು ಸಾಕಷ್ಟಿದೆ. ಇಂಗ್ಲಿಷಿನಲ್ಲಿ ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದರೆ, ನಡುವಿನ ಪ್ರಶ್ನೆಗಳೂ ಸೇರಿ, ಅರ್ಧ ಗಂಟೆ ಬೇಕು. ನಾಲ್ಕು ವರ್ಷದವರು ಕಾರು, ಕರಡಿ ನೋಡಿ ಖುಷಿಪಟ್ಟಾರು, ಕಥೆ ಹಿಡಿಯಲಾರರು. ಆರು ತುಂಬಿದ ಮೇಲೆ ಸರಿ. ಏಳರಿಂದ ಒಂಬತ್ತು ಇನ್ನೂ ಸರಿ. ಮಲಗುವ ಹೊತ್ತಿಗೆ ಓದುವುದಾದರೆ ಹೋಟೆಲ್ ಸಿಗದ ಪುಟದಲ್ಲಿ ಮಾತ್ರ ನಿಲ್ಲಿಸಬೇಡಿ. ಮಲಗಲು ಜಾಗವಿಲ್ಲದ ಮಗುವನ್ನು ರಸ್ತೆಯಲ್ಲೇ ಬಿಟ್ಟು ಪುಸ್ತಕ ಮುಚ್ಚಿದರೆ ಕೇಳುವ ಮಗುವಿಗೂ ನಿದ್ದೆ ಬರುವುದಿಲ್ಲ. ಸಮಯ ಕಡಿಮೆಯಿದ್ದರೆ ಎಸ್ಸೋ ಬಂಕಿನವರೆಗೆ ಓದಿ ನಿಲ್ಲಿಸಿ, ಉಳಿದದ್ದು ಮರುದಿನಕ್ಕಿರಲಿ.

ಕನ್ನಡಕ್ಕೆ ತರುವಾಗ ಎಡವುವುದು ಪದಗಳಲ್ಲಿ. ‘ಜಿಮ್ ಕ್ರೋ’ ಎಂದ ಕೂಡಲೇ ಮಗು ಕಾಗೆ ಎಂದುಕೊಳ್ಳುತ್ತದೆ. ಅದು ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯ ನಟನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸಲು ಆಡುತ್ತಿದ್ದ ಪಾತ್ರದ ಹೆಸರು, ಮುಂದೆ ಭೇದದ ಕಾನೂನುಗಳಿಗೆಲ್ಲ ಅದೇ ಹೆಸರು ಅಂಟಿತು. ಅನುವಾದಿಸದೆ ಹಾಗೇ ಉಳಿಸಿ, ‘ಬಿಳಿಯರಿಗೊಂದು, ಬೇರೆಯವರಿಗೊಂದು ಅಂತ ಮಾಡಿದ್ದ ಕೆಟ್ಟ ಕಾನೂನುಗಳು’ ಎಂದರೆ ಸಾಕು. ‘ನೀಗ್ರೋ’ ಆ ಕಾಲದಲ್ಲಿ ಕೈಪಿಡಿಯ ಹೆಸರಿನಲ್ಲೇ ಇದ್ದ ಪದ, ನಮ್ಮ ಹಳೆಯ ಕನ್ನಡ ಬರಹಗಳಲ್ಲೂ ಸಲೀಸಾಗಿ ಓಡಾಡಿದ ಪದ. ಈಗ ಯಾರನ್ನೂ ಹಾಗೆ ಕರೆಯಬಾರದು ಎಂದು ಅಲ್ಲೇ ಹೇಳಿಬಿಡಿ, ಶಾಲೆಯಲ್ಲಿ ಮಗು ಅದನ್ನು ಬಳಸಿ ಬೈಸಿಕೊಳ್ಳುವುದು ಬೇಡ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಕರಿಯರು’ ಎಂಬ ಮಾತಿನಲ್ಲಿ. ನಮ್ಮಲ್ಲಿ ‘ಕರಿಯ’, ‘ಕರಿಯಮ್ಮ’ ಪ್ರೀತಿಯ ಹೆಸರುಗಳೂ ಹೌದು, ಆಟದ ಬಯಲಿನಲ್ಲಿ ಚುಚ್ಚುವ ಮಾತುಗಳೂ ಹೌದು. ‘ಕಪ್ಪು ಜನ’ ಅಥವಾ ‘ಆಫ್ರಿಕನ್ ಅಮೆರಿಕನ್ನರು’ ಎಂದರೆ ತೊಡಕಿಲ್ಲ. ‘ಟೂರಿಸ್ಟ್ ಹೋಮ್’ ಎಂದರೆ ಲಾಡ್ಜ್ ಅಲ್ಲ, ತಮ್ಮ ಮನೆಯದೇ ಒಂದು ಕೋಣೆಯನ್ನು ಪ್ರಯಾಣಿಕರಿಗೆ ಬಿಟ್ಟುಕೊಡುತ್ತಿದ್ದವರ ಮನೆ. ‘ಗುರುತಿನವರ ಮನೆಯಲ್ಲಿ ಉಳಿದುಕೊಂಡ ಹಾಗೆ’ ಎಂದರೆ ಮಗುವಿಗೆ ತಟ್ಟನೆ ತಿಳಿಯುತ್ತದೆ.

ಪುಸ್ತಕದ ಅತಿ ಒಳ್ಳೆಯ ಗಳಿಗೆ ಬರುವುದು ಮಾತಿಲ್ಲದ ಒಂದು ಕೆಲಸದಲ್ಲಿ. ತಂಗಿದ ಕಡೆ ತನಗಿಂತ ಚಿಕ್ಕ ಹುಡುಗನೊಬ್ಬ ಅಳುವುದನ್ನು ಕಂಡ ರೂತ್ ತನ್ನ ಕರಡಿಯನ್ನೇ ಅವನಿಗೆ ಕೊಟ್ಟುಬಿಡುತ್ತಾಳೆ. ಗ್ರೀನ್ ಬುಕ್ ಮಾಡಿದ್ದೂ ಅದೇ ಕೆಲಸ: ದಾರಿಯಲ್ಲಿ ಕಷ್ಟ ಕಂಡವರು ಹಿಂದೆ ಬರುವವರಿಗೆ ಒಂದು ಆಸರೆ ದಾಟಿಸುವುದು. ಅಲ್ಲಿ ನಿಂತು ಏನನ್ನೂ ವಿವರಿಸಬೇಡಿ. ‘ನೀನಾದರೆ ಕೊಡ್ತಿದ್ದೆಯಾ?’ ಎಂದು ಕೇಳಲೂ ಬೇಡಿ. ಮಗು ತನ್ನಷ್ಟಕ್ಕೆ ಚಿತ್ರ ನೋಡಲಿ.

ಕೊರತೆಗಳೂ ಇವೆ. ಕೈಪಿಡಿ ಕೈಗೆ ಬಂದ ಮೇಲೆ ಕಥೆ ತೀರಾ ನಯವಾಗಿ ಓಡುತ್ತದೆ. ನಿಜದಲ್ಲಿ ಪಟ್ಟಿಯಲ್ಲಿ ಒಂದೂ ಹೆಸರಿಲ್ಲದ ಊರುಗಳು ಎಷ್ಟೋ ಇದ್ದವು, ಅಂಥ ಕಡೆ ಪುಸ್ತಕವಿದ್ದೂ ಕಾರಿನಲ್ಲೇ ರಾತ್ರಿ ಕಳೆಯಬೇಕಿತ್ತು. ಕೆಲವು ಕಡೆ ದೊಡ್ಡವರ ಮಾತು ಸಂಭಾಷಣೆಯ ಹದ ಬಿಟ್ಟು ಪಾಠವಾಗುತ್ತದೆ. ಇನ್ನೊಂದು ಕೊರತೆ ಸ್ವಲ್ಪ ಆಳದ್ದು. ಕಥೆ ಉತ್ತರದಿಂದ ದಕ್ಷಿಣಕ್ಕೆ ಸಾಗುವುದರಿಂದ, ತೊಂದರೆಯೆಲ್ಲ ದಕ್ಷಿಣದ್ದು, ಶಿಕಾಗೋದಲ್ಲಿ ಎಲ್ಲ ಚೆನ್ನಾಗಿತ್ತು ಎಂಬ ಭಾವನೆ ಮಗುವಿನಲ್ಲಿ ಉಳಿಯಬಹುದು. ಗ್ರೀನ್ ತಮ್ಮ ಮೊದಲ ಕೈಪಿಡಿಯನ್ನು ಮಾಡಿದ್ದೇ ನ್ಯೂಯಾರ್ಕಿಗಾಗಿ. ಸೂರ್ಯ ಮುಳುಗುವಷ್ಟರಲ್ಲಿ ಕಪ್ಪು ಜನ ಊರು ಬಿಡಬೇಕು ಎನ್ನುತ್ತಿದ್ದ ಪಟ್ಟಣಗಳು ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲೂ ಇದ್ದವು. ಕೊನೆಯಲ್ಲಿ ಗ್ರೀನ್ ಬುಕ್ ಕುರಿತ ಟಿಪ್ಪಣಿಯಿದೆ, ಅದು ಮಕ್ಕಳಿಗಿಂತ ದೊಡ್ಡವರಿಗೆ. ಮೊದಲು ಅದನ್ನು ಓದಿಕೊಂಡು ಆಮೇಲೆ ಕಥೆಗೆ ಬಂದರೆ ಈ ಅಂತರವನ್ನು ಓದಿಸುವವರೇ ತುಂಬಬಹುದು.

‘ಇದು ನಮ್ಮಲ್ಲೂ ಇತ್ತಾ?’ ಎಂದು ಮಗು ಕೇಳಬಹುದು. ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ. ಅಂಬೇಡ್ಕರ್ ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1901ರ ಪ್ರಯಾಣವೊಂದನ್ನು ಬರೆದಿದ್ದಾರೆ. ಬೇಸಿಗೆ ರಜೆ. ಸಾತಾರಾದಲ್ಲಿದ್ದ ಬಾಲಕ ಭೀಮ, ಮನೆಯ ಇತರ ಹುಡುಗರೊಂದಿಗೆ, ಕೊರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನ ಬಳಿಗೆ ಹೊರಟಿದ್ದಾನೆ. ರೂತ್‌ಗೆ ಹೊಸ ಕಾರು ಇದ್ದಂತೆ ಈ ಹುಡುಗರಿಗೆ ಹೊಸ ಅಂಗಿ, ಮಿರುಗುವ ಟೋಪಿ, ರೇಷ್ಮೆ ಅಂಚಿನ ಪಂಚೆ. ಕಾಗದ ಕೈಸೇರದೆ ಅಪ್ಪನ ಕಡೆಯಿಂದ ಯಾರೂ ಮಸೂರ್ ನಿಲ್ದಾಣಕ್ಕೆ ಬರಲಿಲ್ಲ. ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು, ಗಾಡಿಯವರು ಒಲ್ಲೆನೆಂದರು. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಆದರೆ ಗಾಡಿ ಹೊಡೆಯಬೇಕಾದವರು ಹುಡುಗರೇ, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರು ಸಿಗಲಿಲ್ಲ, ಉಪವಾಸವೇ ಮಲಗಿದರು. ರೂತ್ ಪುಸ್ತಕ ಮುಗಿಸಿದ ಮರುದಿನ ಈ ಪ್ರಸಂಗವನ್ನು ಬಾಯಲ್ಲಿ ಹೇಳಿ. ಎಂಟು ವರ್ಷದ ಮಗು ಎರಡು ಪ್ರಯಾಣಗಳನ್ನೂ ತಾನೇ ಜೋಡಿಸಿಕೊಳ್ಳುತ್ತದೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಇದು ಇನ್ನೂ ಅಗತ್ಯ. ಮಕ್ಕಳು ಒಂದು ಕಥೆಯನ್ನು ಶಾಲೆಯಲ್ಲಿ ಕೇಳಿರುತ್ತಾರೆ, ಇನ್ನೊಂದನ್ನು ಹೇಳುವವರು ಮನೆಯವರೇ ಆಗಬೇಕು.

ಕೊಳ್ಳುವವರು ಗಮನಿಸಬೇಕಾದದ್ದು: ಪೂರ್ತಿ ಹೆಸರು ಕೊಟ್ಟು ಹುಡುಕಿ. ಬರೀ ‘ಗ್ರೀನ್ ಬುಕ್’ ಎಂದರೆ ಪಿಯಾನೊ ವಾದಕ ಡಾನ್ ಶರ್ಲಿ ಅವರ ಪ್ರವಾಸ ಕುರಿತ 2018ರ ಸಿನಿಮಾ ಎದುರಾಗುತ್ತದೆ, ಅದು ಈ ವಯಸ್ಸಿನ ಮಕ್ಕಳಿಗಲ್ಲ. ಫೋನಿನ ಪರದೆಯಲ್ಲಿ ಓದಿಸಬೇಡಿ. ಅಳಿಸಿ ತೆಗೆದ ಆ ನಯವಾದ ಬೆಳಕು ಚಿಕ್ಕ ಪರದೆಯಲ್ಲಿ ಬರೀ ಕಂದು ಮಬ್ಬಾಗುತ್ತದೆ. ಹತ್ತು ಇಂಚಿನ ಟ್ಯಾಬ್ ಆದರೆ ಅಡ್ಡ ಹಿಡಿದು ಎರಡು ಪುಟ ಒಟ್ಟಿಗೆ ಕಾಣುವಂತೆ ಇಟ್ಟುಕೊಳ್ಳಿ. ಗಟ್ಟಿ ರಟ್ಟಿನ ಮುದ್ರಿತ ಪ್ರತಿಯೇ ಮೇಲು. ಭಾರತದಲ್ಲಿ ಅದು ಹೊರಗಿಂದ ತರಿಸುವ ಪುಸ್ತಕವಾದ್ದರಿಂದ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸಲು ಕೇಳುವುದು ಮನೆಗೊಂದು ಕೊಳ್ಳುವುದಕ್ಕಿಂತ ಅಗ್ಗದ ದಾರಿ.

ಓದಿದ ಮೇಲೆ ಮಾಡಬಹುದಾದ ಎರಡು ಕೆಲಸಗಳಿವೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಶಾಂಬರ್ಗ್ ಕೇಂದ್ರ ಗ್ರೀನ್ ಬುಕ್‌ನ ಹಳೆಯ ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. 1950ರ ಆಸುಪಾಸಿನ ಒಂದನ್ನು ತೆರೆದು ಟೆನೆಸಿ, ಅಲಬಾಮಾ ಪುಟ ಹುಡುಕಿ, ಊರಿನ ಹೆಸರುಗಳನ್ನು ಮಗುವಿನಿಂದಲೇ ಓದಿಸಿ. ಯಾವ ಊರಿಗೆ ನಾಲ್ಕು ಸಾಲು, ಯಾವುದಕ್ಕೆ ಒಂದೇ ಸಾಲು ಎಂದು ಎಣಿಸಿದರೆ ರಾತ್ರಿ ಎಲ್ಲಿ ತಂಗಬಹುದಿತ್ತು ಎಂಬುದು ತಾನೇ ಕಾಣುತ್ತದೆ. ಎರಡನೆಯದಕ್ಕೆ ಬೇಕಾದದ್ದು ದಪ್ಪ ಕಾಗದ, 6ಬಿ ಪೆನ್ಸಿಲ್, ಕೂಪರ್ ಬಳಸುತ್ತಿದ್ದಂಥ ನಾದಬಹುದಾದ ಮೆತ್ತನೆಯ ರಬ್ಬರ್. ಪೆನ್ಸಿಲನ್ನು ಅಡ್ಡ ಹಿಡಿದು ಕಾಗದವನ್ನೆಲ್ಲ ಕಪ್ಪಾಗಿಸಿ, ಹತ್ತಿಯಿಂದ ಒರೆಸಿ ಸಮ ಮಾಡಿ, ಆಮೇಲೆ ರಬ್ಬರಿನಿಂದ ಮಾತ್ರ ಕಾರಿನ ಎರಡು ದೀಪ ಬಿಡಿಸಲು ಹೇಳಿ. ರಬ್ಬರನ್ನು ಉಜ್ಜಿದರೆ ಮಸಿ ಹರಡುತ್ತದೆ, ಒತ್ತಿ ಎತ್ತಬೇಕು. ಪ್ರತಿ ಸಲ ಎತ್ತಿದ ಮೇಲೆ ಅದರ ಕೊಳೆ ಭಾಗವನ್ನು ಒಳಕ್ಕೆ ಮಡಚಿಕೊಳ್ಳಬೇಕು. ಐದು ನಿಮಿಷದಲ್ಲಿ ಕತ್ತಲ ರಸ್ತೆಯಲ್ಲಿ ಎರಡು ದೀಪ ಹೊತ್ತಿಕೊಳ್ಳುತ್ತವೆ.