ಗ್ರೇಟ್ ಸರ್ಕಲ್ ಮ್ಯಾಪರ್: ಆಕಾಶದ ದೂರ ಪಕ್ಕಾ, ಘಾಟಿಯ ಲೆಕ್ಕ ನಾವೇ ಹಾಕಬೇಕು

ಹಾಸನ–ದೆಹಲಿ ಎಂದು ಹೊಡೆದರೆ ದೂರ ಹೇಳುವ ಎಷ್ಟೋ ಜಾಲತಾಣಗಳು ಊರಿಂದೂರಿಗೆ ನೇರ ಗೆರೆ ಎಳೆದು ವಿಮಾನದಲ್ಲಿ ಎರಡೂವರೆ ಗಂಟೆ ಎಂದು ತೋರಿಸಿಬಿಡುತ್ತವೆ. ಹಾಸನದಿಂದಾಗಲಿ ಚಿಕ್ಕಮಗಳೂರಿನಿಂದಾಗಲಿ ಪ್ರಯಾಣಿಕರ ವಿಮಾನವೇ ಇಲ್ಲ! ವಿಮಾನ ನಿಲ್ದಾಣಗಳ ನಡುವಿನ ದೂರ ತೋರಿಸುವ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣ ಇಷ್ಟವಾಗುವುದು ಇಲ್ಲೇ. ಅದಕ್ಕೆ ಕೊಡಬೇಕಾದ್ದು ನಿಲ್ದಾಣದ ಮೂರಕ್ಷರದ ಕೋಡ್: ಬೆಂಗಳೂರಿಗೆ ಬಿಎಲ್‌ಆರ್, ಮಂಗಳೂರಿಗೆ ಐಎಕ್ಸ್‌ಇ, ದುಬೈಗೆ ಡಿಎಕ್ಸ್‌ಬಿ. ಎರಡು ಕೋಡ್‌ಗಳ ನಡುವೆ ಅಡ್ಡಗೆರೆ ಹಾಕಿ. ಎರಡು ಮಾರ್ಗ ಹೋಲಿಸಬೇಕಿದ್ದರೆ ಅಲ್ಪವಿರಾಮ. ಉತ್ತರ ಮೈಲಿಯಲ್ಲಿ ಬಂದರೆ ಕಿ.ಮೀ. ಆಯ್ದುಕೊಳ್ಳಿ.

ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ. ಏರ್‌ಬಸ್ 320ರಂಥ ಜೆಟ್ ಮೇಲೇರಿದ ಮೇಲೆ ಗಂಟೆಗೆ 830 ಕಿ.ಮೀ. ಆಸುಪಾಸು ಹೋಗುತ್ತದೆ, ಅಂದರೆ ಎರಡು ಗಂಟೆ. ಏರಲು, ಇಳಿಯಲು, ರನ್‌ವೇವರೆಗೆ ಉರುಳಲು ಅರ್ಧದಿಂದ ಮುಕ್ಕಾಲು ಗಂಟೆ ಸೇರಿಸಿದರೆ ಟಿಕೆಟ್‌ನಲ್ಲಿರುವ ಸಮಯಕ್ಕೆ ಹತ್ತಿರ ಬರುತ್ತದೆ. ಶಿವಮೊಗ್ಗಕ್ಕೆ ಬರುವಂಥ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನಕ್ಕಾದರೆ ದೂರವನ್ನು 500ರಿಂದ ಭಾಗಿಸಿ. ಚಳಿಗಾಲದಲ್ಲಿ ಪಡುವಣ ಗಾಳಿ ಜೋರು. ದುಬೈಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಹಾಗಾಗಿ ದೂರ ಒಂದೇ ಆದರೂ ಹೊತ್ತು ಬೇರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ 10ಕ್ಕೆ ಹೊರಟು 12.40ಕ್ಕೆ ಇಳಿಯುವಂತೆ ಕಂಡರೆ ಹಾರಾಟ 4 ಗಂಟೆ 10 ನಿಮಿಷ. ಇಲ್ಲಿ ಎಡವುವವರೇ ಹೆಚ್ಚು.

ಈಗ ಮಲೆನಾಡಿನವರಿಗೆ ನಿಜಕ್ಕೂ ಬೇಕಾದ ಹೋಲಿಕೆ. ದುಬೈ ಬೆಂಗಳೂರಿನಿಂದ ಸುಮಾರು 2,700 ಕಿ.ಮೀ., ಮಂಗಳೂರಿನಿಂದ 2,460. ಮಂಗಳೂರಿನಿಂದ ಹಾರಿದರೆ ಆಕಾಶದಲ್ಲಿ ಉಳಿತಾಯವಾಗುವುದು ಹದಿನೇಳು ನಿಮಿಷ ಅಷ್ಟೆ. ಉಳಿತಾಯವೆಲ್ಲ ನೆಲದ ಮೇಲಿದೆ: ಚಿಕ್ಕಮಗಳೂರಿನಿಂದ ಮೂಡಿಗೆರೆ, ಚಾರ್ಮಾಡಿ ಘಾಟಿ ಹಿಡಿದರೆ ಮಂಗಳೂರಿಗೆ 150 ಕಿ.ಮೀ., ಬೆಂಗಳೂರಿಗೆ ಸುಮಾರು 245. ಈ ನೆಲದ ದಾರಿ ತೋರಿಸದಿರುವುದೇ ಮ್ಯಾಪರ್‌ನ ದೌರ್ಬಲ್ಯ. ಚಿಕ್ಕಮಗಳೂರು–ಮಂಗಳೂರು ನೇರ ಗೆರೆ 110 ಕಿ.ಮೀ. ಮಾತ್ರ, ಘಾಟಿಯ ತಿರುವುಗಳಲ್ಲಿ ಗಂಟೆಗೆ 35 ಕಿ.ಮೀ. ಸಾಗಿದರೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ಚಾರ್ಮಾಡಿಯೋ ಶಿರಾಡಿಯೋ ಬಂದ್ ಆಗಬಹುದು. ಆ ತಿಂಗಳುಗಳಲ್ಲಿ ದೂರ ಹೆಚ್ಚಾದರೂ ಬೆಂಗಳೂರೇ ವಾಸಿ, ಇಲ್ಲವೇ ಹಿಂದಿನ ದಿನವೇ ಘಾಟಿ ಇಳಿದುಬಿಡಿ.

ಹಾಸನದವರು ಸ್ವಂತ ಗಾಡಿಯಲ್ಲಿ ಹೊರಟರೆ ನೆಲಮಂಗಲದಲ್ಲೇ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರುವುದು ಒಳ್ಳೆಯದು, ಗೊರಗುಂಟೆಪಾಳ್ಯದ ದಟ್ಟಣೆ ತಪ್ಪುತ್ತದೆ. ಬಸ್ಸಾದರೆ ಮೆಜೆಸ್ಟಿಕ್‌ನಲ್ಲಿಳಿದು ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ ಕೆಐಎ-9 ಹತ್ತಬೇಕು. ರಸ್ತೆಗೆ ಐದು ಗಂಟೆ, ನಿಲ್ದಾಣದೊಳಗೆ ಎರಡು; ವಿದೇಶಕ್ಕಾದರೆ ಮೂರು. ಬೆಳಗಿನ 7ರ ದೆಹಲಿ ವಿಮಾನಕ್ಕೆ ಹಾಸನವನ್ನು ರಾತ್ರಿ 12ಕ್ಕೇ ಬಿಡಬೇಕು.