ಅಂಗಡಿಯ ಕಂಪ್ಯೂಟರಿಗೆ ರಿಫೈಂಡ್: ಎಂಟು ತಿಂಗಳು ಬಳಸಿದ ಮೇಲೆ

ಸಾಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಸೊಸೈಟಿ ಮಹಾಸಭೆಯ ನೋಟಿಸು, ಯಕ್ಷಗಾನದ ಕರಪತ್ರ, ಹೀಗೆ. ಇರುವ ಒಳ್ಳೆಯ ಕಂಪ್ಯೂಟರ್ ಒಂದೇ. ಅದರಲ್ಲಿ ವಿಂಡೋಸೂ ಇದೆ, ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ಮೂ ಇದೆ. ಆನ್ ಮಾಡಿದಾಗ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ನಾನೀಗ ಬಳಸುವ ಪ್ರೋಗ್ರಾಂ ರಿಫೈಂಡ್.

ವಿಂಡೋಸ್ ಬಿಡುವ ಹಾಗಿಲ್ಲ. ಹಳೆಯ ಫೈಲುಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿ ಕೂತಿವೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಈಗ ಎಲ್ಲ ಕಡೆ ಕನ್ನಡಕ್ಕೆ ಬಳಸುವ ಯೂನಿಕೋಡ್ ಅದಕ್ಕೆ ಬರುವುದಿಲ್ಲ. ಆದರೆ ಗಿರಾಕಿ ಬಂದು "ನಮ್ಮಣ್ಣನ ಮದುವೆಗೆ ಮಾಡಿಕೊಟ್ಟಿದ್ರಲ್ಲ, ಹಾಗೇ ಮಾಡಿ" ಎಂದರೆ ಆ ಹಳೆಯ ಫೈಲೇ ಬೇಕು. ಮಿಂಟ್ ಹಾಕಿಕೊಂಡಿದ್ದು ಪೆನ್‌ಡ್ರೈವ್‌ಗಳ ಕಾಟಕ್ಕೆ. ಊರಿನ ಪೆನ್‌ಡ್ರೈವ್‌ಗಳೆಲ್ಲ ನಮ್ಮಲ್ಲಿಗೆ ಬರುತ್ತವೆ. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ಸೂ ಅವುಗಳ ಜೊತೆಗೇ ಬರುತ್ತದೆ. ಹಾಗಾಗಿ ಮೊದಲು ಮಿಂಟ್‌ನಲ್ಲಿ ತೆರೆದು, ಬೇಕಾದ ಫೈಲನ್ನಷ್ಟೇ ಎತ್ತಿಟ್ಟುಕೊಂಡು, ಆಮೇಲೆ ವಿಂಡೋಸಿಗೆ ಹೋಗುತ್ತೇವೆ. ದಿನಕ್ಕೆ ನಾಲ್ಕೈದು ಸಲ ಈ ಓಡಾಟ ಇದ್ದೇ ಇದೆ. ಸಂಜೆ ಆರರ ಮೇಲೆ ಮಗ ಅದೇ ಕಂಪ್ಯೂಟರಿನಲ್ಲಿ ಪೈಥಾನ್ ಕಲಿಯುತ್ತಾನೆ.

ಇಷ್ಟು ಸಲ ಬದಲಿಸುವವರಿಗೆ ಬೂಟ್ ಲೋಡರ್ ಬಹಳ ಮುಖ್ಯ. ಸ್ವಿಚ್ ಒತ್ತಿದ ಮೇಲೆ "ಯಾವುದಕ್ಕೆ ಹೋಗಬೇಕು" ಎಂದು ಕೇಳುವ ಚಿಕ್ಕ ಪ್ರೋಗ್ರಾಂ ಅದು. ಮಿಂಟ್ ಜೊತೆ ಬರುವ ಗ್ರಬ್ ಅನ್ನೇ ನಾನು ಮೂರು ವರ್ಷ ಬಳಸಿದೆ. ಒಳ್ಳೆಯ ಪ್ರೋಗ್ರಾಂ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳಲೇಬೇಕು.

ಮಿಂಟ್‌ಗೆ ಜಾಗ ಸಾಲುತ್ತಿರಲಿಲ್ಲ. ಅಳಿಸಿ ಹೊಸದಾಗಿ ಹಾಕೋಣ ಎಂದು ರಾತ್ರಿ ವಿಂಡೋಸ್‌ನಿಂದಲೇ ಅದರ ಪಾರ್ಟಿಶನ್ (ಡಿಸ್ಕಿನಲ್ಲಿ ಅದಕ್ಕೆಂದು ಬಿಟ್ಟ ಭಾಗ) ಅಳಿಸಿ ಮನೆಗೆ ಹೋದೆ. ಮಾರನೆಯ ದಿನ ಕಾರ್ಡು ತರಲು ಶಿವಮೊಗ್ಗಕ್ಕೆ ಹೋಗಿದ್ದೆ. ಬಸ್ಸಿನಲ್ಲಿರುವಾಗ, ನಮ್ಮಲ್ಲಿ ಟೈಪ್ ಮಾಡುವ ಅಕ್ಕನ ಫೋನ್ ಬಂತು. "ಎಂತ ಆಗಿದೆ ಅಣ್ಣಾ, ಕಪ್ಪು ಪರದೆ, ಮೇಲೆ ಗ್ರಬ್ ಅಂತ ಬರೆದಿದೆ, ಮುಂದಕ್ಕೇ ಹೋಗ್ತಿಲ್ಲ. ಪ್ರೂಫ್ ನೋಡಲಿಕ್ಕೆ ಜನ ಕೂತಿದ್ದಾರೆ."

ವಿಂಡೋಸ್‌ಗೆ ಏನೂ ಆಗಿರಲಿಲ್ಲ. ಗ್ರಬ್‌ನ ಚಿಕ್ಕ ತುಂಡೊಂದು ಇಎಫ್‌ಐ ಪಾರ್ಟಿಶನ್‌ನಲ್ಲಿ, ಅಂದರೆ ಬೂಟ್ ಫೈಲುಗಳಿಗೆಂದೇ ಇರುವ ಚಿಕ್ಕ ಭಾಗದಲ್ಲಿ, ಇರುತ್ತದೆ. ಆದರೆ ಅದು ತೋರಿಸುವ ಮೆನುವಿನ ಪಟ್ಟಿ ಇರುವುದು ಲಿನಕ್ಸಿನ ಪಾರ್ಟಿಶನ್‌ನಲ್ಲಿ. ಅದನ್ನೇ ನಾನು ಅಳಿಸಿದ್ದೆ. ಪಟ್ಟಿ ಸಿಗದೆ ಗ್ರಬ್ ಅಲ್ಲೇ ನಿಂತಿತ್ತು. ಫೋನಿನಲ್ಲೇ ಅಕ್ಕನಿಗೆ ಹೇಳಿದೆ: ಆಫ್ ಮಾಡಿ ಆನ್ ಮಾಡಿ, ಎಫ್12 ಒತ್ತುತ್ತಾ ಇರಿ, ವಿಂಡೋಸ್ ಬೂಟ್ ಮ್ಯಾನೇಜರ್ ಎಂದು ಇರುವುದರ ಮೇಲೆ ಎಂಟರ್ ಒತ್ತಿ. ತೆರೆಯಿತು. ಆ ಇಪ್ಪತ್ತು ನಿಮಿಷ ಅವರು ಪಟ್ಟ ಗಾಬರಿ ನನಗೆ ಇನ್ನೂ ಮರೆತಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಎರಡು ಮನೆಗೆ ಒಂದೇ ಗೇಟ್ ಇದ್ದರೆ ಆ ಗೇಟಿನ ಕೀಲಿ ಒಂದು ಮನೆಯೊಳಗೆ ಇರಬಾರದು. ಬೂಟ್ ಲೋಡರ್ ವಿಂಡೋಸಿನದೂ ಆಗಬಾರದು, ಲಿನಕ್ಸಿನದೂ ಆಗಬಾರದು.

ಮೊದಲು ನೋಡಿದ್ದು ಸಿಸ್ಟಮ್‌ಡಿ-ಬೂಟ್. ಹಿಂದೆ ಇದರ ಹೆಸರು ಗಮ್ಮಿಬೂಟ್ ಎಂದಿತ್ತು, 2015ರಲ್ಲಿ ಲಿನಕ್ಸನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ ಜೊತೆ ಸೇರಿತು. ತುಂಬಾ ಸರಳ, ತುಂಬಾ ವೇಗ. ಆದರೆ ಮಾಮೂಲಾಗಿ ಹಾಕಿದರೆ ಅದು ಲಿನಕ್ಸಿನ ತಿರುಳಾದ ಕರ್ನಲನ್ನೇ ಇಎಫ್‌ಐ ಪಾರ್ಟಿಶನ್‌ನಲ್ಲಿ ಇಡಬೇಕು ಎನ್ನುತ್ತದೆ. ವಿಂಡೋಸ್ ಮೊದಲು ಹಾಕಿದ ನನ್ನ ಯಂತ್ರದಲ್ಲಿ ಆ ಪಾರ್ಟಿಶನ್ ಇರುವುದೇ 100 ಎಂಬಿ. ಮಿಂಟ್‌ನ ಒಂದು ಕರ್ನಲ್ ಮತ್ತು ಅದರ ಜೊತೆ ಬೇಕಾಗುವ ಇನಿಟ್‌ಆರ್‌ಡಿ ಫೈಲ್ ಸೇರಿದರೆ 80 ಎಂಬಿ ದಾಟುತ್ತದೆ. ವಿಂಡೋಸಿನ ಸ್ವಂತ ಫೈಲುಗಳೂ ಅಲ್ಲೇ ಇವೆ. ಎರಡನೇ ಕರ್ನಲ್ ಬಂದರೆ ಎಲ್ಲಿಡುವುದು? ಕೈಬಿಟ್ಟೆ.

ಆಮೇಲೆ ಸಿಕ್ಕಿದ್ದು ರಿಫೈಂಡ್. ರಾಡ್ ಸ್ಮಿತ್ ಎಂಬವರು ರಿಫಿಟ್ ಎಂಬ ಹಳೆಯ ಪ್ರೋಗ್ರಾಂ ಇಟ್ಟುಕೊಂಡು 2012ರಲ್ಲಿ ಇದನ್ನು ಶುರು ಮಾಡಿದರು. ಉಚಿತ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಕ್ಕಿತು. ಇಎಫ್‌ಐ ಪಾರ್ಟಿಶನ್‌ಗೆ ಹಾಕಲೇ ಎಂದು ಕೇಳಿತು, ಹೂಂ ಎಂದೆ, ಎರಡು ನಿಮಿಷದಲ್ಲಿ ಮುಗಿಯಿತು. ಅದಕ್ಕೆ ಬೇಕಾದ ಜಾಗ ಕೆಲವೇ ಎಂಬಿ. ಪ್ರೋಗ್ರಾಂ, ಸೆಟ್ಟಿಂಗ್ ಫೈಲ್, ಚಿತ್ರಗಳು ಎಲ್ಲ ಅಲ್ಲೇ ಒಂದು ಫೋಲ್ಡರ್‌ನಲ್ಲಿ ಇರುತ್ತವೆ. ಕರ್ನಲ್ ಲಿನಕ್ಸಿನ ಪಾರ್ಟಿಶನ್‌ನಲ್ಲೇ ಇದ್ದರೂ ಓದಿಕೊಳ್ಳುತ್ತದೆ. ಮುಖ್ಯ ಗುಣ ಏನೆಂದರೆ ಮೊದಲೇ ಬರೆದಿಟ್ಟ ಪಟ್ಟಿಯನ್ನು ಅದು ನಂಬಿ ಕೂರುವುದಿಲ್ಲ. ಪ್ರತಿ ಸಲ ಆನ್ ಆದಾಗಲೂ ಡಿಸ್ಕ್ ಹುಡುಕಿ, ಏನೇನಿದೆ ಎಂದು ನೋಡಿ ತೋರಿಸುತ್ತದೆ. ಬೇಕೆಂದೇ ಮಿಂಟ್ ಅಳಿಸಿ ನೋಡಿದೆ. ವಿಂಡೋಸಿನ ಚಿತ್ರ ಇದ್ದ ಜಾಗದಲ್ಲೇ ಇತ್ತು. ಮತ್ತೆ ಹಾಕಿದಾಗ ಮಿಂಟ್‌ನ ಜೊತೆ ಬಂದ ಗ್ರಬ್ ತಾನೇ ಮುಂದೆ ಹೋಗಿ ನಿಂತಿತು. ಬಯಾಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ರಿಫೈಂಡನ್ನು ಮೇಲಕ್ಕೆ ತಂದೆ, ಅಷ್ಟೇ ಕೆಲಸ.

ಮೊದಲ ದಿನ ಮಾತ್ರ ಸ್ವಲ್ಪ ಗೊಂದಲ ಆಗುತ್ತದೆ. ಹುಡುಕಿದ್ದನ್ನೆಲ್ಲ ತೋರಿಸುವುದರಿಂದ ಲಿನಕ್ಸ್‌ಗೇ ಮೂರು ನಾಲ್ಕು ಚಿತ್ರ ಬಂದಿದ್ದವು. ಕರ್ನಲ್ ಒಂದು, ಗ್ರಬ್ ಒಂದು, ಹೀಗೆ. ಇಎಫ್‌ಐ ಪಾರ್ಟಿಶನ್‌ನಲ್ಲಿ ಮಿಂಟ್ ತನ್ನ ಫೋಲ್ಡರಿಗೆ ತನ್ನ ಮೂಲವಾದ ಉಬುಂಟುವಿನ ಹೆಸರನ್ನೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಉಬುಂಟು ಗುರುತೂ ಕಾಣಿಸಿತು. ಬೇಡದ್ದರ ಮೇಲೆ ನಿಂತು ಮೈನಸ್ ಕೀ ಒತ್ತಿದರೆ ಅದು ಮರೆಯಾಗುತ್ತದೆ. ಎರಡೇ ಉಳಿಸಿಕೊಂಡೆ.

ನನಗೆ ತುಂಬಾ ಹಿಡಿಸಿದ್ದು ಮುಂದಿನದು. ರಿಫೈಂಡ್ ಹೆಸರನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆಯುತ್ತದೆ. ಕನ್ನಡ ಅಕ್ಷರ ಅದಕ್ಕೆ ಬರುವುದಿಲ್ಲ. ಆದರೆ ಚಿತ್ರ ನಮ್ಮದು ಹಾಕಬಹುದು, ಅಲ್ವಾ? ಕೋರೆಲ್‌ಡ್ರಾದಲ್ಲಿ ಕೂತು 128 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಎರಡು ಪಿಎನ್‌ಜಿ ಮಾಡಿದೆ. ಕೆಂಪು ಹಿನ್ನೆಲೆಯಲ್ಲಿ "ಕಾರ್ಡು" ಎಂದು ಒಂದು, ಹಸಿರು ಹಿನ್ನೆಲೆಯಲ್ಲಿ "ಪೆನ್‌ಡ್ರೈವ್" ಎಂದು ಇನ್ನೊಂದು. ವಿಂಡೋಸ್ ಮತ್ತು ಲಿನಕ್ಸ್ ಗುರುತುಗಳ ಜಾಗದಲ್ಲಿ ಅವನ್ನು ಇಟ್ಟೆ. ಇಷ್ಟು ವರ್ಷ ಅಕ್ಷರ ಜೋಡಿಸುವ ಕೆಲಸ ಮಾಡಿದ್ದೇನೆ. ಆದರೂ ಯಾವ ಆಪರೇಟಿಂಗ್ ಸಿಸ್ಟಮ್ಮೂ ಎದ್ದೇಳುವ ಮೊದಲೇ ಪರದೆಯ ಮೇಲೆ ದೊಡ್ಡದಾಗಿ ಕನ್ನಡ ಮೂಡಿದ್ದನ್ನು ನೋಡಿ ಮನಸ್ಸು ತುಂಬಿಬಂತು. ಅಕ್ಕ ಈಗ ನನ್ನನ್ನು ಏನೂ ಕೇಳುವುದಿಲ್ಲ. ಬಾಣದ ಕೀ ಒತ್ತುತ್ತಾರೆ, ಎಂಟರ್ ಹೊಡೆಯುತ್ತಾರೆ.

ಇನ್ನೊಂದು ಅನುಕೂಲ ಇದೆ. ಯಾರೂ ಏನೂ ಒತ್ತದಿದ್ದರೆ 20 ಸೆಕೆಂಡ್ ಕಾದು ತಾನೇ ಮುಂದೆ ಹೋಗುತ್ತದೆ. ನಾನು ಅದನ್ನು 8 ಮಾಡಿದ್ದೇನೆ. ಯಾವುದಕ್ಕೆ ಹೋಗಬೇಕು ಎಂಬುದನ್ನು ಗಂಟೆ ನೋಡಿ ತೀರ್ಮಾನಿಸುವಂತೆಯೂ ಬರೆದಿಡಬಹುದು. ನಮ್ಮಲ್ಲಿ 9ರಿಂದ 18 ಗಂಟೆವರೆಗೆ ವಿಂಡೋಸ್, ಉಳಿದ ಹೊತ್ತು ಮಿಂಟ್. ಇಲ್ಲಿ ಒಂದು ಎಚ್ಚರ ಬೇಕು. ರಿಫೈಂಡ್ ನೋಡುವುದು ಮದರ್‌ಬೋರ್ಡಿನ ಗಡಿಯಾರವನ್ನು. ಲಿನಕ್ಸ್ ಅದನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆಗಿರುವ ಸಮಯ) ಇಡುತ್ತದೆ, ವಿಂಡೋಸ್ ನಮ್ಮ ಊರಿನ ಸಮಯ ಎಂದುಕೊಳ್ಳುತ್ತದೆ. ನಡುವೆ ಐದೂವರೆ ಗಂಟೆ ವ್ಯತ್ಯಾಸ. ಮಿಂಟ್‌ನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಹಿಂದೆ ಇರುವುದಕ್ಕೆ ಇದೇ ಕಾರಣ. ಸ್ಥಳೀಯ ಸಮಯವನ್ನೇ ಇಡು ಎಂದು ಮಿಂಟ್‌ಗೆ ಒಂದು ಕಮಾಂಡ್ ಕೊಟ್ಟ ಮೇಲೆ ಎರಡೂ ಸರಿಹೋದವು.

ತೊಂದರೆ ಇಲ್ಲವೇ? ಇದೆ. ನಂಬಿದ ಸಹಿ ಇಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ರಿಫೈಂಡ್‌ನ ಕೀಲಿಯನ್ನು ನಾವೇ ನೋಂದಾಯಿಸಬೇಕು, ಹೊಸಬರಿಗೆ ಅದು ಕಷ್ಟ. ಆ ವಿಷಯದಲ್ಲಿ ಮಿಂಟ್‌ನ ಗ್ರಬ್ ಸುಲಭ, ಅದಕ್ಕೆ ಬೇಕಾದ ಸಹಿ ಮೊದಲೇ ಇರುತ್ತದೆ. ನಾನು ಸೆಕ್ಯೂರ್ ಬೂಟ್ ಆಫ್ ಮಾಡಿದ್ದೇನೆ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಇವುಗಳಲ್ಲಿ ಯಾವುದಕ್ಕೂ ಕೈ ಹಾಕುವ ಮೊದಲು ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಆಗುವ ದಾರಿ ಬದಲಾದರೆ ಅದು ಕೀ ಕೇಳಬಹುದು. ಬಿಲ್ ಮಾಡಲು ಇಟ್ಟಿರುವ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಯುಇಎಫ್‌ಐ, ಅಂದರೆ ಹಳೆಯ ಬಯಾಸ್ ಬದಲಿಗೆ ಬಂದ ಹೊಸ ವ್ಯವಸ್ಥೆ, ಇಲ್ಲ. ಅಂಥದ್ದಕ್ಕೆ ರಿಫೈಂಡ್ ಹಾಕಲು ಬರುವುದಿಲ್ಲ. ಅಲ್ಲಿ ಗ್ರಬ್ಬೇ ಇದೆ, ಚೆನ್ನಾಗಿಯೇ ನಡೆಯುತ್ತಿದೆ.

ಹಾಕುವ ಮೊದಲು ಪರೀಕ್ಷೆ ಮಾಡಬೇಕೆಂದರೆ ರಿಫೈಂಡ್‌ನ ಪೆನ್‌ಡ್ರೈವ್ ಇಮೇಜ್ ಸಿಗುತ್ತದೆ. ಅದರಿಂದ ಬೂಟ್ ಮಾಡಿ ನೋಡಿ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಮೆನುವೇ ಕಾಣೆಯಾದ ದಿನವೂ ಇದೇ ಪೆನ್‌ಡ್ರೈವ್ ಸಾಕು. ನಮ್ಮ ಅಂಗಡಿಯಲ್ಲಿ ಅದು ಗಲ್ಲಾಪೆಟ್ಟಿಗೆಯಲ್ಲಿದೆ, ಮೇಲೆ "ಎಫ್12 ಒತ್ತಿ" ಎಂದು ಸ್ಟಿಕ್ಕರ್ ಅಂಟಿಸಿಟ್ಟಿದ್ದೇನೆ.